ದಿನವಿಡೀ ಮನೆಯಲ್ಲಿರುತ್ತಾರೆ

ನನ್ನ ಗಂಡ ಬೋರ್ಡು ಬರೆಯುವವನು. ಅಂಗಡಿಯ ಹೆಸರು, ಕ್ಲಿನಿಕ್ಕಿನ ವೇಳೆ, ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ ಎಂಬ ಗದರಿಕೆ, ಎಲ್ಲಕ್ಕೂ ಅವನದೇ ಕೈ. ಬಾಯಲ್ಲಿ ಹೇಳಬೇಕಾದ್ದನ್ನೂ ಬೋರ್ಡಿನಲ್ಲಿ ಹೇಳುವುದು ಅವನ ಚಾಳಿ. ನನ್ನನ್ನು ಇಷ್ಟಪಟ್ಟಿದ್ದೇನೆಂದು ತಿಳಿಸಿದ್ದೂ ಒಂದು ತಗಡಿನ ತುಂಡಿನ ಮೇಲೆಯೇ, ಎರಡು ಬಣ್ಣದಲ್ಲಿ, ಅಕ್ಷರಗಳಿಗೆ ನೆರಳು ಕೊಟ್ಟು. ಆಗ ಅದನ್ನು ನೋಡಿ ನಾನು ಕರಗಿಹೋಗಿದ್ದೆ. ಆದ್ದರಿಂದ ಆಮೇಲೆ ನಮ್ಮ ಬಾಗಿಲ ಪಕ್ಕ ಅವನು ಜಡಿದ ಬೋರ್ಡಿನ ವಿಷಯದಲ್ಲಿ ಅರ್ಧ ತಪ್ಪು ನಿನ್ನದೇ ಎಂದು ಯಾರಾದರೂ ಹೇಳಬಹುದು. ಹೇಳಲಿ ನೋಡೋಣ.

ನೀಲಿ ಬಣ್ಣ, ಬಿಳಿ ಅಕ್ಷರ, ಸುತ್ತ ಹಳದಿ ಅಂಚು. 'ಪಾರ್ಸೆಲ್‌ಗಳನ್ನು ಇಲ್ಲಿ ಕೊಡಿ. ದಿನವಿಡೀ ಮನೆಯಲ್ಲಿರುತ್ತಾರೆ.'

ಯಾರಿರುತ್ತಾರೆ? ನಾನು ಇರುತ್ತೇನೆ. ಯಾಕೆ ಇರುತ್ತೇನೆ ಎಂಬುದು ಬೋರ್ಡಿನಲ್ಲಿ ಇಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ.

ನಾನು ಕನ್ನಡಕದ ಅಂಗಡಿಯಲ್ಲಿದ್ದೆ. ಒಳಗಿನ ಕೋಣೆಯಲ್ಲಿ ಕುಳಿತು ಗಾಜನ್ನು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಒಳ್ಳೆಯ ಕೆಲಸ, ನನಗೆ ಇಷ್ಟವಾದ ಕೆಲಸ, ಅದನ್ನು ಬಿಡಲು ಯಾರೂ ನನ್ನ ಕತ್ತು ಹಿಸುಕಲಿಲ್ಲ. ಆದರೆ ಒಂದು ದಿನ ನಮ್ಮ ಕೌಂಟರಿನ ಅಕ್ಕನಿಗೆ ಫೋನು ಬಂತು. ಅವಳ ಮಗ ಬೇಬಿ ಸಿಟಿಂಗಿನಲ್ಲಿ ಮೊದಲ ಹೆಜ್ಜೆ ಇಟ್ಟನಂತೆ. ಅಕ್ಕ ಫೋನಿನಲ್ಲಿ "ಹೌದಾ! ಅಯ್ಯೋ ಚಿನ್ನ!" ಎಂದು ನಕ್ಕಳು. ಆಮೇಲೆ ನನ್ನ ಕೋಣೆಗೆ ಬಂದು ಉಜ್ಜುವ ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಅತ್ತಳು. ಆಗ ನನಗೆ ಹೊಟ್ಟೆಯಲ್ಲಿ ಮಗು. ನನ್ನದನ್ನು ನಾನೇ ನೋಡುತ್ತೇನೆ, ಇನ್ನೊಬ್ಬರ ಬಾಯಿಂದ ಕೇಳುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಗಂಡನಿಗೂ ಹೇಳಿದೆ. ಅವನು ತಲೆಯಾಡಿಸಿದ. ಅವನು ತಲೆಯಾಡಿಸುವುದೇ ಹಾಗೆ, ಪೂರ್ತಿ ಕೇಳಿಸಿಕೊಂಡವನಂತೆ.

ಮಗಳು ಹುಟ್ಟಿದಳು. ಕರೆದ ಕೂಡಲೇ ಎಲ್ಲರೂ ಓಡಿಬರಬೇಕು, ಬರದಿದ್ದರೆ ಕಟ್ಟಡವೇ ಅದುರುವಂತೆ ಕಿರುಚಾಟ, ಅದಕ್ಕೇ ಅವಳಿಗೆ ದೊರೆಸಾನಿ ಎಂದು ಹೆಸರಾಯಿತು. ದೊರೆಸಾನಿಯ ಚಾಕರಿ ಸುಲಭದ್ದಲ್ಲ. ಆದರೂ ಅದು ನಾನೇ ಆರಿಸಿಕೊಂಡ ಚಾಕರಿ.

ಆ ಬೋರ್ಡು ಹುಟ್ಟಿದ್ದು ಕಟ್ಟಡದ ಮೀಟಿಂಗಿನಲ್ಲಿ. ನಾನು ಮಗುವನ್ನು ಮಲಗಿಸುತ್ತಿದ್ದೆ, ಇವನೊಬ್ಬನೇ ಹೋಗಿದ್ದ. ಎರಡು ದಿನ ಬಿಟ್ಟು ಡ್ರಿಲ್ಲಿನ ಸದ್ದು ಕೇಳಿ ಹೊರಗೆ ಬಂದರೆ ಇವನು ಸ್ಟೂಲಿನ ಮೇಲೆ ನಿಂತು ಬೀಗುತ್ತಿದ್ದಾನೆ.

"ಹೇಗಿದೆ?"

"ಏನಿದು?"

"ಪಾಪ, ಎಲ್ಲರೂ ಕೆಲಸಕ್ಕೆ ಹೋಗ್ತಾರೆ. ಮೆಟ್ಟಿಲ ಹತ್ರ ಇಟ್ಟಿದ್ದ ಪಾರ್ಸೆಲ್ಲೆಲ್ಲಾ ಯಾರೋ ಹೊಡ್ಕೊಂಡು ಹೋಗ್ತಿದಾರೆ ಅಂತ ಒದ್ದಾಡ್ತಿದ್ರು. ನೀನು ಹೇಗೂ ಮನೇಲೇ ಇರ್ತೀಯಲ್ಲ, ಅದಕ್ಕೆ ನಾನೇ ಹೇಳ್ದೆ."

"ನನ್ನ ಕೇಳ್ದ್ಯಾ?"

"ಅದರಲ್ಲೇನು ಕೇಳೋದು? ಬಾಗಿಲು ತೆಗೆಯೋದು, ಇಸ್ಕೊಳ್ಳೋದು. ನಿನಗೂ ನಾಲ್ಕು ಜನರ ಮುಖ ನೋಡಿದ ಹಾಗಾಗುತ್ತೆ. ಹೊತ್ತು ಹೋಗುತ್ತೆ."

ಹೊತ್ತು ಹೋಗುತ್ತದಂತೆ! ಬೆಳಿಗ್ಗೆ ಹಚ್ಚಿದ ಪೇಸ್ಟು ಬ್ರಷ್ಷಿನ ಮೇಲೆಯೇ ಒಣಗಿಹೋಗುವ ಮನೆಯಲ್ಲಿ, ಒಂದು ಲೋಟ ಟೀಯನ್ನು ಮೂರು ಸಲ ಬಿಸಿ ಮಾಡಿ ಕೊನೆಗೆ ಸಿಂಕಿಗೆ ಸುರಿಯುವ ಮನೆಯಲ್ಲಿ, ನನಗೆ ಹೊತ್ತು ಹೋಗಲು ಅವನು ದಾರಿ ಹುಡುಕಿಕೊಟ್ಟಿದ್ದ. ಮೈಯೆಲ್ಲಾ ಉರಿದುಹೋಯಿತು. ಅಷ್ಟರಲ್ಲಿ ದೊರೆಸಾನಿ ಒಳಗಿಂದ ಕೂಗು ಹಾಕಿದಳು, ಜಗಳ ಅಲ್ಲಿಗೇ ನಿಂತಿತು. ನಮ್ಮ ಮನೆಯಲ್ಲಿ ಈಗ ಯಾವ ಜಗಳವೂ ಪೂರ್ತಿಯಾಗುವುದಿಲ್ಲ.

ಅಲ್ಲಿಂದ ಶುರುವಾಯಿತು ಗಂಟೆಯ ಕಾಟ. ಮೂರನೇ ಮಹಡಿಯ ಮೇಷ್ಟ್ರಿಗೆ ಪುಸ್ತಕ. ಎದುರುಮನೆಯ ಗಂಡಹೆಂಡಿರಿಗೆ ಚಪ್ಪಲಿ, ಅದು ಸರಿಹೋಗದೆ ವಾಪಸ್ಸು, ಮತ್ತೆ ಇನ್ನೊಂದು ಚಪ್ಪಲಿ. ಮೇಲಿನ ಮನೆಯ ವಕೀಲಮ್ಮನಿಗೆ ಏನೇನೋ. ಅವರಿಗೆ ಬರುವ ಪೆಟ್ಟಿಗೆಗಳ ಭಾರ ನೋಡಿದರೆ ಕಚೇರಿಯನ್ನೇ ಬಿಡಿಬಿಡಿಯಾಗಿ ತರಿಸಿಕೊಳ್ಳುತ್ತಿದ್ದಾರೋ ಎನ್ನಿಸುತ್ತಿತ್ತು. ಹಾಲಿನಲ್ಲಿ ನಡೆಯಲು ಜಾಗವಿಲ್ಲ. ಮಗುವನ್ನು ಮಲಗಿಸಿ ಉಸಿರು ಬಿಗಿಹಿಡಿದು ಹಿಂದೆ ಸರಿಯುತ್ತೇನೆ, ಟಿಂಗ್ ಟಾಂಗ್. ಬಾಯಿಗೆ ತುತ್ತು ಇಟ್ಟಿರುತ್ತೇನೆ, ಟಿಂಗ್ ಟಾಂಗ್. ಸ್ನಾನದ ಮನೆಯಲ್ಲಿ ತಲೆಗೆ ನೊರೆ ಹಚ್ಚಿಕೊಂಡಿದ್ದಾಗಲಂತೂ ತಪ್ಪದೆ ಟಿಂಗ್ ಟಾಂಗ್.

"ಒಂದ್ನಿಮಿಷ ಇರು ಕಂದಾ" ಎನ್ನುವುದು ನನ್ನ ಬಾಯಿಪಾಠವಾಯಿತು. ಅವಳು ಕೈ ಚಾಚಿದರೆ ಒಂದ್ನಿಮಿಷ ಇರು. ಆಟಕ್ಕೆ ಕರೆದರೆ ಒಂದ್ನಿಮಿಷ ಇರು. ಯಾರ ಮುಖ ನೋಡಲೆಂದು ಕೆಲಸ ಬಿಟ್ಟೆನೋ ಅವಳಿಗೆ ನನ್ನ ಬೆನ್ನು ತೋರಿಸಿಕೊಂಡು ಊರಿನವರ ಚಪ್ಪಲಿ ಇಸಿದುಕೊಳ್ಳುತ್ತಿದ್ದೆ.

ಇಸಿದುಕೊಂಡರಷ್ಟೇ ಸಾಕೇ? ಒಂದು ಸಂಜೆ ವಕೀಲಮ್ಮ ಬಾಗಿಲಲ್ಲಿ ನಿಂತು ತಮ್ಮ ಪೆಟ್ಟಿಗೆಯ ಮೂಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲಿ ಒದ್ದೆಯಾಗಿದೆಯಲ್ಲಮ್ಮ?"

"ಮಗು ಚೀಪಿದೆ, ಮೇಡಂ."

"ಸ್ವಲ್ಪ ಎತ್ತರದಲ್ಲಿ ಇಡಬಾರದಾ? ಮನೇಲೇ ಇರ್ತೀರಲ್ಲ, ಒಂಚೂರು ಗಮನ ಕೊಡಿ."

ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಾಗಿಲು ಹಾಕಿದೆ. ಗಂಡನಿಗೆ ಹೇಳಿದರೆ ಅವನು ನಕ್ಕ. "ಅವರ ಮಾತಿನ ರೀತಿನೇ ಹಾಗೆ, ಬಿಡು" ಎಂದ. ಆಮೇಲೆ ದಿನಾ ಕೇಳುವ ಪ್ರಶ್ನೆ ಕೇಳಿದ. "ದೊರೆಸಾನಿ ಇವತ್ತು ನಿಂತಳಾ?"

ಇದು ಅವನ ನಿತ್ಯದ ಪ್ರಶ್ನೆ. ಬಣ್ಣದ ಕೈ ತೊಳೆಯುತ್ತಾ ಬಚ್ಚಲಿಂದಲೇ ಕೇಳುತ್ತಾನೆ. ದೊರೆಸಾನಿಗೆ ಹತ್ತು ತಿಂಗಳು ತುಂಬಿತ್ತು. ಪಾರ್ಸೆಲ್ ಪೆಟ್ಟಿಗೆಗಳನ್ನು ಹಿಡಿದು ಎದ್ದು, ಮಂತ್ರಿಗಳಂತೆ ಅತ್ತಿತ್ತ ನೋಡಿ, ಕೂತುಬಿಡುತ್ತಿದ್ದಳು. ಕೈ ಮಾತ್ರ ಬಿಡುತ್ತಿರಲಿಲ್ಲ. ಇವತ್ತೋ ನಾಳೆಯೋ ಬಿಡುತ್ತಾಳೆ ಎಂದು ಅವಳ ಬೆರಳುಗಳು ಸಡಿಲವಾಗುವುದನ್ನು ನೋಡಿದರೆ ತಿಳಿಯುತ್ತಿತ್ತು. ಕೂದಲೆಳೆಯಷ್ಟು ಗೀರನ್ನು ಗಾಜಿನಲ್ಲಿ ಹುಡುಕಿ ಪಳಗಿದ ಕಣ್ಣು ನನ್ನದು. ಆ ಗಳಿಗೆಗಾಗಿ ಕಾಯುತ್ತಿದ್ದೆ. ಹೇಳಲು ನಾಚಿಕೆಯೇನಿಲ್ಲ, ಮಿಕ್ಕ ಯಾವ ಆಸೆಯೂ ನನಗೆ ಆಗ ಇರಲಿಲ್ಲ.

ಅವತ್ತು ಮಧ್ಯಾಹ್ನ ದೊರೆಸಾನಿ ಒಳ್ಳೆಯ ನಿದ್ದೆ ಮಾಡಿ ಎದ್ದಿದ್ದಳು. ಮೇಷ್ಟ್ರ ಪುಸ್ತಕದ ಪೆಟ್ಟಿಗೆ ಹಿಡಿದು ನಿಂತಳು. ಒಂದು ಕೈ ಬಿಟ್ಟಳು. ನಾನು ನೆಲದ ಮೇಲೆ, ಅವಳೆದುರು, ತೋಳು ಚಾಚಿ ಕುಳಿತಿದ್ದೆ. ಇನ್ನೊಂದು ಕೈಯ ಬೆರಳುಗಳು ಒಂದೊಂದಾಗಿ ಮೇಲೇಳುತ್ತಿದ್ದವು.

ಟಿಂಗ್ ಟಾಂಗ್.

ತೆಗೆಯಬಾರದಿತ್ತು. ಬಡಿದುಕೊಳ್ಳಲಿ ಎಂದು ಬಿಡಬೇಕಿತ್ತು. ಆದರೆ ಗಂಟೆ ಮತ್ತೆ ಬಡಿಯಿತು, ಮಗು ಬೆದರಿ ಕೂತಳು, "ಒಂದ್ನಿಮಿಷ ಇರು ಕಂದಾ" ಎಂದು ನಾನು ಎದ್ದೆ.

ಬಾಗಿಲಲ್ಲಿ ಪಾರ್ಸೆಲ್ ತಂದುಕೊಡುವ ಯಜಮಾನರು. ದಿನಾ ಬರುವವರು, ನರೆತ ಮೀಸೆ, ಮೆತ್ತಗಿನ ಮಾತು. ವಕೀಲಮ್ಮನ ಪೆಟ್ಟಿಗೆಯನ್ನು ಹೊಸ್ತಿಲ ಮೇಲಿಟ್ಟು ಫೋನು ಚಾಚಿದರು. ನಾನು ತಲೆ ಬಗ್ಗಿಸಿ ಬೆರಳಿನಿಂದ ಸಹಿ ಗೀಚುತ್ತಿದ್ದೆ. ಗೀಚಿದ್ದು ಮೂಡಲಿಲ್ಲ, ಅಳಿಸಿ ಮತ್ತೆ ಗೀಚಿದೆ.

"ಅಯ್ಯೋ ಅಮ್ಮಾ, ಅಲ್ನೋಡಿ, ಅಲ್ನೋಡಿ! ಪಾಪು ನಿಂತ್ಕೊಂಡ್ತು!"

ತಿರುಗಿದೆ. ದೊರೆಸಾನಿ ಹಾಲಿನ ನಟ್ಟನಡುವೆ, ಯಾವ ಪೆಟ್ಟಿಗೆಯೂ ಕೈಗೆಟುಕದ ಕಡೆ, ಕುಂಡೆ ಊರಿ ಕುಳಿತಿದ್ದಳು. ಆಗಷ್ಟೇ ಕುಳಿತಿದ್ದಳು. ಮುಖದ ತುಂಬ ನಗು, ಎರಡೂ ಕೈ ಇನ್ನೂ ಗಾಳಿಯಲ್ಲಿ.

"ಏನೂ ಹಿಡ್ಕೊಂಡಿರ್ಲಿಲ್ಲಮ್ಮ!" ಯಜಮಾನರ ಕಣ್ಣು ಹೊಳೆಯುತ್ತಿತ್ತು. "ಎರಡು ಹೆಜ್ಜೆ ಇಡ್ತು. ನಿಮ್ಮ ಕಡೆಗೇ ಬರ್ತಿತ್ತು. ನನ್ನ ಮಕ್ಕಳದ್ದು ನಾನು ಒಂದೂ ನೋಡಿಲ್ಲ ನೋಡಿ, ಬರೀ ರೋಡಲ್ಲೇ ಆಯ್ತು. ಇವತ್ತು ನೋಡ್ದೆ."

ಅವರನ್ನು ಬೈಯಲು ಆಗುತ್ತದೆಯೇ? ನಗುವಂಥ ಮುಖ ಮಾಡಿ ಫೋನು ವಾಪಸ್ಸು ಕೊಟ್ಟೆ. ಅವರು ಮಗುವಿಗೆ ಕೈಬೀಸಿ ಹೋದರು.

ಬಾಗಿಲು ಹಾಕಿ ನೆಲಕ್ಕೆ ಕುಸಿದು ಅತ್ತೆ. ದುಃಖಕ್ಕಿಂತ ಸಿಟ್ಟಿಗೆ ಅತ್ತೆ. ನನ್ನ ಕಡೆಗೇ ಬರುತ್ತಿದ್ದಳಂತೆ. ನಾನು ಎಲ್ಲಿದ್ದೆ? ಅಂಗಡಿಯಲ್ಲಿ ಅಲ್ಲ, ಬಸ್ಸಿನಲ್ಲಿ ಅಲ್ಲ, ಅದೇ ಕೋಣೆಯಲ್ಲಿ, ಕೈಯಳತೆಯಲ್ಲಿ, ಬೆನ್ನು ಹಾಕಿ ನಿಂತಿದ್ದೆ. ಕೌಂಟರಿನ ಅಕ್ಕನಿಗೆ ಸಂಬಳವಾದರೂ ಬರುತ್ತಿತ್ತು. ನಾನು ವಕೀಲಮ್ಮನ ಪೆಟ್ಟಿಗೆಗಾಗಿ, ಬಿಟ್ಟಿ ಚಾಕರಿಗಾಗಿ, ನನ್ನ ಗಂಡ ಚಂದದ ಅಕ್ಷರದಲ್ಲಿ ಬರೆದನೆಂಬ ಕಾರಣಕ್ಕಾಗಿ ಕಳೆದುಕೊಂಡೆ. ಮೊದಲ ಸಲ ಎನ್ನುವುದು ಇನ್ನೊಂದು ಸಲ ಬರುತ್ತದೆಯೇ?

ದೊರೆಸಾನಿ ಅಂಬೆಗಾಲಿಟ್ಟು ಬಂದು ನನ್ನ ಮೂಗು ಹಿಡಿದೆಳೆದಳು. ಎದ್ದೆ.

ಮನೆಯಲ್ಲಿದ್ದ ಸ್ಕ್ರೂಡ್ರೈವರ್ ಎಂದರೆ ಕನ್ನಡಕದ್ದು, ಕಡ್ಡಿಯಷ್ಟು ಸಣ್ಣದು. ಅಡುಗೆಮನೆಯ ಚಾಕುವಿನ ತುದಿಯಲ್ಲೇ ನಾಲ್ಕೂ ಸ್ಕ್ರೂ ಬಿಚ್ಚಿದೆ. ಚಾಕು ಡೊಂಕಾಯಿತು, ಆಗಲಿ. ಮಗುವಿನ ತಳ್ಳುಗಾಡಿಯಲ್ಲಿ ವಕೀಲಮ್ಮನ ಪೆಟ್ಟಿಗೆ, ಅದರ ಮೇಲೆ ಪುಸ್ತಕ, ಅದರ ಮೇಲೆ ಚಪ್ಪಲಿ, ಎಲ್ಲದರ ಮೇಲೆ ಬೋರ್ಡು. ದೊರೆಸಾನಿ ಸೊಂಟದ ಮೇಲೆ. ಒಂದು ಕೈಯಲ್ಲಿ ಗಾಡಿ ತಳ್ಳುತ್ತಾ ಎರಡು ಬೀದಿ ದಾಟಿ ಇವನ ಅಂಗಡಿಗೆ ಹೋದೆ. ದಾರಿಯಲ್ಲಿ ಜನ ನೋಡಿದರು. ನೋಡಲಿ, ಹೇಗೂ ನಾಲ್ಕು ಜನರ ಮುಖ ನೋಡಬೇಕಲ್ಲ ನಾನು.

ಇವನು ಉದ್ದನೆಯ ಹಲಗೆಯ ಮೇಲೆ ಕೆಂಪು ಅಕ್ಷರ ಎಳೆಯುತ್ತಿದ್ದ. ನನ್ನನ್ನು ಕಂಡು ಬ್ರಷ್ಷು ಗಾಳಿಯಲ್ಲೇ ನಿಂತಿತು.

"ಏನಾಯ್ತೇ?"

ಅವನ ಬಾಗಿಲ ಪಕ್ಕ ಒಂದು ಮೊಳೆ ಖಾಲಿಯಿತ್ತು, ಬೋರ್ಡನ್ನು ಅದಕ್ಕೆ ನೇತುಹಾಕಿದೆ. ಪೆಟ್ಟಿಗೆಗಳನ್ನು ಬಣ್ಣದ ಡಬ್ಬಗಳ ಪಕ್ಕ ಜೋಡಿಸಿದೆ. ಮಗುವನ್ನು ಒಳಗೆ, ಒಣಗಿದ ಹಲಗೆಗಳ ಕಡೆ ಕೂರಿಸಿ, ಅಳತೆಯ ಮರದ ಸ್ಕೇಲು ಕೊಟ್ಟೆ. ಕಟ್ಟಡದ ವಾಟ್ಸಾಪ್ ಗುಂಪಿಗೆ 'ಪಾರ್ಸೆಲ್‌ಗಳು ಇನ್ನು ಮುಂದೆ ಬೋರ್ಡಿನ ಅಂಗಡಿಯಲ್ಲಿ' ಎಂದು ಹಾಕಿದೆ.

"ಹೇ, ನಾನಿಲ್ಲಿ ಕೆಲಸ ಮಾಡ್ತಿದೀನಿ!"

"ನಾನಲ್ಲೇನು ಮಾಡ್ತಿದ್ದೆ?"

"ಹಾಗಲ್ಲ, ಅಕ್ಷರ ಎಳೆಯುವಾಗ ನಡುವೆ ಎದ್ದರೆ ಗೆರೆ ಕೆಡುತ್ತೆ, ನಿನಗೇ ಗೊತ್ತಲ್ಲ."

"ದಿನವಿಡೀ ಅಂಗಡೀಲೇ ಇರ್ತೀಯಲ್ಲ. ಹೊತ್ತು ಹೋಗುತ್ತೆ."

ಅವನ ಕಿವಿ ಕೆಂಪಗಾಯಿತು. ಅಷ್ಟರಲ್ಲಿ ಕಚೇರಿಯಿಂದ ಮರಳುತ್ತಿದ್ದ ವಕೀಲಮ್ಮ ಬಾಗಿಲಿಗೇ ಬಂದರು. ಇದೇನು ಹೊಸ ಏರ್ಪಾಡು, ಮೊದಲಿನದೇ ಅನುಕೂಲವಾಗಿತ್ತಲ್ಲ, ಇಷ್ಟು ಭಾರದ್ದನ್ನು ನಾನು ಇಲ್ಲಿಂದ ಹೊರಬೇಕೇ ಎಂದು ಅವರ ವಾದ. ಇವನು ಎದ್ದು ಹೋಗಿ, ಬೆನ್ನು ಬಗ್ಗಿಸಿ, "ಇಲ್ಲ ಮೇಡಂ, ಹೌದು ಮೇಡಂ, ನಾನೇ ತಂದ್ಕೊಡ್ತೀನಿ ಮೇಡಂ" ಎಂದು ಪೂಸಿ ಹೊಡೆಯತೊಡಗಿದ.

ಆಗ ದೊರೆಸಾನಿ ಸ್ಕೇಲು ಕೆಳಗೆ ಹಾಕಿದಳು. ಸ್ಟೂಲಿನ ಕಾಲು ಹಿಡಿದು ಎದ್ದಳು. ನೇರ ಅವನ ಬೆನ್ನನ್ನೇ ನೋಡಿದಳು. ಒಂದು ಕೈ ಬಿಟ್ಟಳು, ಇನ್ನೊಂದನ್ನೂ ಬಿಟ್ಟಳು.

ಎಷ್ಟು ಸಿಟ್ಟಿದ್ದರೂ ನನಗೆ ಸುಮ್ಮನಿರಲಾಗಲಿಲ್ಲ. "ಇಲ್ನೋಡು! ಬೇಗ, ಇಲ್ನೋಡು!" ಎಂದು ಕೂಗಿದೆ.

"ಒಂದ್ನಿಮಿಷ ಇರು" ಎಂದ ಅವನು, ತಿರುಗದೆ.

ಒಂದು ಹೆಜ್ಜೆ. ತೂಗಾಟ. ಎರಡು. ಮೂರನೆಯದು ಅವನ ಕಡೆಗೆ. ನಾನು ಕಣ್ಣು ಮಿಟುಕಿಸಲಿಲ್ಲ, ಕೆನ್ನೆಯ ಮೇಲೆ ಹರಿಯುತ್ತಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಅವಳು ಧೊಪ್ಪನೆ ಕೂತಳು.

ವಕೀಲಮ್ಮ ಗೊಣಗುತ್ತಾ ಹೋದರು. ಇವನು ಸೊಂಟ ಹಿಡಿದು ತಿರುಗಿದ. "ಏನು, ಕರೆದ್ಯಲ್ಲ?"

"ದಿನಾ ಕೇಳ್ತಿದ್ದೆಯಲ್ಲ, ನಿಂತಳಾ ಅಂತ. ನಿಂತಳು. ನಡೆದಳು. ನಿನ್ನ ಕಡೆಗೇ ಬರ್ತಿದ್ದಳು."

ಅವನು ಮಗುವನ್ನು ನೋಡಿದ, ಸ್ಟೂಲನ್ನು ನೋಡಿದ, ಎರಡರ ನಡುವಿನ ಖಾಲಿ ನೆಲವನ್ನು ನೋಡಿದ. "ನಾನು... ಈಗಷ್ಟೇನಾ?" ಎಂದ. ಅವನ ದನಿ ಕೌಂಟರಿನ ಅಕ್ಕನ ದನಿಯಂತಿತ್ತು.

"ಇದು ಎರಡನೇ ಸಲ" ಎಂದೆ. "ಮೊದಲ ಸಲದ್ದು ಪಾರ್ಸೆಲ್ ತಂದವರು ನೋಡಿದರು. ಬೇಕಾದರೆ ಅವರನ್ನ ಕೇಳು, ನನಗೂ ಗೊತ್ತಿಲ್ಲ."

ಕೆಂಪು ಅಕ್ಷರ ಅರ್ಧಕ್ಕೇ ಒಣಗುತ್ತಿತ್ತು, ಅವನು ಅದರ ಕಡೆ ಹೋಗಲಿಲ್ಲ. ಮಗುವಿನ ಎದುರು ನೆಲದ ಮೇಲೆ ಕೂತು, ಬಣ್ಣ ಮೆತ್ತಿದ ಎರಡೂ ಕೈ ಚಾಚಿದ. ದೊರೆಸಾನಿ ಅವನ ಬೆರಳುಗಳನ್ನು ನೋಡಿದಳು, ಸ್ಟೂಲಿನ ಕಾಲಿಗೆ ಕೈ ಹಾಕಿದಳು.

"ಸಾರ್, ಪಾರ್ಸೆಲ್ ತಗೊಳ್ಳೋದು ಇಲ್ಲೇನಾ? ಬೋರ್ಡು ಇದೆಯಲ್ಲ?" ಎಂದು ಬಾಗಿಲಲ್ಲಿ ಯಾರೋ ಕೇಳಿದರು.

"ಇಲ್ಲ" ಎಂದ ನನ್ನ ಗಂಡ, ತಿರುಗದೆ. "ಇಲ್ಲಿ ಯಾರೂ ಇಲ್ಲ."