ಕರಡಿ ನುಂಗಿದ ಫಾರ್ದಿಂಗ್

ಬಾಸ್ಟನ್ನಿನಿಂದ ಒಂದು ಹಗಲಿನ ನಡಿಗೆಯಷ್ಟು ದೂರ, ಕಡಲಂಚಿನ ಒಂದು ಊರಿನಲ್ಲಿ ವಿಧವೆ ಮೆಹಿಟಬೆಲ್ ಬಿಯರಿನಂಗಡಿ ನಡೆಸುತ್ತಿದ್ದಳು. ಇಂಗ್ಲೆಂಡಿನ ಹಡಗುಗಳಲ್ಲಿ ಜನ ಬರುತ್ತಿದ್ದರು, ಹಸುಗಳು ಬರುತ್ತಿದ್ದವು, ಚಿಲ್ಲರೆ ಮಾತ್ರ ಬರುತ್ತಿರಲಿಲ್ಲ. ಕೈಗೆ ಸಿಕ್ಕ ನಾಲ್ಕು ಬೆಳ್ಳಿ ನಾಣ್ಯವೂ ಮುಂದಿನ ಹಡಗು ಹತ್ತಿ ವಾಪಸ್ಸು ಹೋಗುತ್ತಿತ್ತು. ಬೇಸತ್ತ ನ್ಯಾಯಸಭೆ ಕೊನೆಗೊಂದು ಕಟ್ಟಳೆ ಮಾಡಿತು: ಕೋವಿಯ ನಳಿಗೆಗೆ ಬಿಗಿಯಾಗಿ ಕೂರುವ ಸೀಸದ ಗುಂಡು ಇನ್ನು ಮೇಲೆ ಒಂದು ಫಾರ್ದಿಂಗ್‌ಗೆ, ಅಂದರೆ ಕಾಲು ಪೆನ್ನಿಗೆ ಸಮ, ಆದರೆ ಒಂದೇ ಸಲಕ್ಕೆ ಹನ್ನೆರಡಕ್ಕಿಂತ ಹೆಚ್ಚು ಗುಂಡನ್ನು ಯಾರೂ ತೆಗೆದುಕೊಳ್ಳಬೇಕಾಗಿಲ್ಲ.

ಅಂದಿನಿಂದ ಊರಿನ ಗಂಡಸರು ಗುಂಡು ಕೊಟ್ಟು ಗುಂಡು ಹಾಕತೊಡಗಿದರು. ವರ್ಷ ತುಂಬುವುದರೊಳಗೆ ಕೋವಿಗಳೆಲ್ಲ ಬರಿದಾದವು. ಮೆಹಿಟಬೆಲ್ಲಳ ಅಟ್ಟದ ಮೇಲೆ ಗುಂಡು ತುಂಬಿಟ್ಟ ಗಡಿಗೆಯ ಭಾರಕ್ಕೆ ಹಲಗೆ ಬಾಗಿತು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲು ತೆಗೆದಳು. ಆರಲಿಕ್ಕಿಟ್ಟ ಹೊಸ ಬಿಯರಿನ ತೊಟ್ಟಿಯೊಳಗೆ ಒಂದು ಕರಿ ಕರಡಿ ಕತ್ತಿನವರೆಗೆ ಮುಖ ಹಾಕಿ ಕುಡಿಯುತ್ತಿತ್ತು. ಬಾಗಿಲು ಧಡಕ್ಕನೆ ಮುಚ್ಚಿ, ಮುಂಬಾಗಿಲಿಗೆ ಓಡಿ, ಬಾಣಲೆ ಬಡಿದು ಊರು ಕೂಡಿಸಿದಳು.

ಊರು ಬಂತು. ಎಲ್ಲರ ಕೈಯಲ್ಲೂ ಕೋವಿ, ಸೊಂಟದಲ್ಲಿ ಮದ್ದಿನ ಕೊಂಬು. ಮುಂದೆ ನಿಂತವನು ಊರಿನ ಕಾವಲುಗಾರ ಬಾರ್ನಬಸ್.

"ಹೊಡೀರೋ, ಏನು ನೋಡ್ತಾ ನಿಂತ್ರಿ?" ಅಂದಳು ಮೆಹಿಟಬೆಲ್.

ಬಾರ್ನಬಸ್ ತಲೆ ಕೆರೆದುಕೊಂಡ. "ಯಾತರಲ್ಲಿ ಹೊಡೆಯೋದು? ನಮ್ಮ ಗುಂಡೆಲ್ಲ ನಿನ್ನ ಗಡಿಗೇಲಿ ಅದಾವೆ."

"ಅದು ನನ್ನ ದುಡ್ಡು!"

"ಕರಡೀನೂ ನಿನ್ನ ಹಿತ್ತಲಲ್ಲೇ ಇರೋದು, ತಾಯಿ."

ಹಿತ್ತಿಲಲ್ಲಿ ತೊಟ್ಟಿ ಉರುಳಿದ ಸದ್ದಾಯಿತು. ಆ ಒಂದು ತೊಟ್ಟಿಗಾಗಿ ನಾಲ್ಕು ದಿನ ಬಾರ್ಲಿ ಮೊಳಕೆ ಕಾದವಳು ಅವಳು. ಕಣ್ಣಲ್ಲಿ ನೀರು ಬಂತು. ಏಣಿ ಹತ್ತಿ ಗುಂಡು ತಂದು ತಲೆಗೊಂದರಂತೆ ಹಂಚಿದಳು. "ನೋಡ್ರಪ್ಪಾ, ಸಾಲ ಅಷ್ಟೇ ಇದು. ಕೊಟ್ಟ ಹಾಗೇ ದುಂಡಗೆ ವಾಪಸ್ಸು ಬರ್ಬೇಕು."

ಗಂಡಸರು ಕೋವಿ ತುಂಬಿ ಹಿತ್ತಿಲ ಬೇಲಿಯುದ್ದಕ್ಕೂ ಸಾಲಾಗಿ ನಿಂತು ಗುರಿಯಿಟ್ಟರು. ಯಾರೂ ಹೊಡೆಯಲಿಲ್ಲ. ಹೊಡೆದ ಗುಂಡು ದುಂಡಗೆ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು.

"ನೀನು ಹೊಡಿ, ಬಾರ್ನಬಸಣ್ಣ."

"ನಾನ್ಯಾಕೋ? ನಿಂಗೆ ಹೊಲ ಐತೆ, ನೀನು ಹೊಡಿ."

ಅಷ್ಟರಲ್ಲಿ ಪ್ರಾರ್ಥನಾ ಸಭೆಯ ಹಿರಿಯ ಎಲಿಫಲೆಟ್ ಬಂದ. ಊರಲ್ಲಿ ಸಾಲ ಮಾಡದ ಮನುಷ್ಯನೆಂದರೆ ಅವನೊಬ್ಬನೇ. ಪ್ರತಿ ಭಾನುವಾರ ಆ ಮಾತು ತಾನೇ ಹೇಳುತ್ತಿದ್ದ. ಅವನ ಸೊಂಟದಲ್ಲಿ ಚೀಲದ ತುಂಬ ಸ್ವಂತ ಗುಂಡು.

"ಹಿರೀಕರು ಹೊಡೀಲಿ!" ಎಂದು ಎಲ್ಲರೂ ಒಂದೇ ಸಮನೆ ಹೇಳಿದರು.

ಎಲಿಫಲೆಟ್‌ನ ಹಣೆ ಬೆವೆತಿತು. "ಪಾಪ, ಮೂಕ ಪ್ರಾಣಿ. ಕುಡ್ಕೊಂಡು ಹೋಗ್ಲಿ ಬಿಡ್ರಯ್ಯ."

"ಸ್ವಾಮಿ, ನಿಮ್ಮ ಮನೆ ಬಿಯರಾಗಿದ್ರೆ ಹಿಂಗಂತಿದ್ರಾ?" ಮೆಹಿಟಬೆಲ್ ಅವನನ್ನು ಬೇಲಿಯತ್ತ ದಬ್ಬಿದಳು.

ಅವನು ಮದ್ದು ಸುರಿದು, ಗುಂಡು ಹಾಕಿ, ಕೋವಿ ತಗ್ಗಿಸಿ ಗುರಿ ಹಿಡಿದ. ನಳಿಗೆಯ ಬಾಯಿಂದ ಗುಂಡು ಮೆಲ್ಲಗೆ ಉರುಳಿ ಹುಲ್ಲಿಗೆ ಬಿತ್ತು. ಇನ್ನೊಂದು ಹಾಕಿದ. ಅದೂ ಉರುಳಿತು. ಪಕ್ಕದವರ ಕೋವಿಗಳೂ ಅಷ್ಟೇ ತಗ್ಗಿದ್ದವು. ಅವರ ಗುಂಡುಗಳು ಅಲುಗಿರಲಿಲ್ಲ.

ಮೆಹಿಟಬೆಲ್ ಒಂದನ್ನು ಹೆಕ್ಕಿಕೊಂಡಳು. ಅವರೆಕಾಳಿನಷ್ಟಾಗಿತ್ತು. ಸುತ್ತಲೂ ಅರದಿಂದ ಉಜ್ಜಿದ ಗೀರು. ವರ್ಷವಿಡೀ ಈ ಕೈಯಿಂದಲೇ ಅವನ ಗುಂಡು ನೋಡದೆಯೇ ಇಸಕೊಂಡು, ಎದ್ದು ನಿಂತು ನಮಸ್ಕಾರವನ್ನೂ ಹೇಳಿದ್ದಳಲ್ಲ ಎಂದು ಅವಳ ಕಿವಿ ಬಿಸಿಯಾಯಿತು.

"ಹಿರೀಕರೇ, ಫಾರ್ದಿಂಗು ಸೊರಗಿದೆಯಲ್ಲಾ, ಉಪವಾಸ ಮಾಡ್ಸಿದ್ರಾ?"

"ಚಳಿಗೆ... ಚಳಿಗೆ ಸೀಸ ಕುಗ್ಗುತ್ತಮ್ಮಾ."

"ನಮ್ದು ಕುಗ್ಗಿಲ್ವಲ್ಲ, ಸ್ವಾಮಿ?" ಅಂದ ಬಾರ್ನಬಸ್.

ಈ ಗದ್ದಲಕ್ಕೆ ಕರಡಿ ತೂರಾಡುತ್ತ ಬೇಲಿಯ ಬಳಿಗೇ ಬಂತು. ಗಂಡಸರು ಸಾಲದ ಗುಂಡುಗಳ ಸಮೇತ ಹಿಂದೆ ಸರಿದರು. ಕರಡಿ ಹುಲ್ಲಲ್ಲಿ ಬಿದ್ದಿದ್ದ ಮತ್ತೊಂದು ಗುಂಡನ್ನು ಮೂಸಿ, ನೆಕ್ಕಿ, ನುಂಗಿ, ಒಂದು ತೇಗು ತೇಗಿ ಕಾಡಿನ ಕಡೆ ನಡೆದುಬಿಟ್ಟಿತು.

"ಸಾಕ್ಷಿ ಹೋಯ್ತು!" ಎಂದು ಎಲಿಫಲೆಟ್ ಉಸಿರು ಬಿಟ್ಟ.

"ಇನ್ನೊಂದು ನನ್ನ ಕೈಲಿದೆ," ಅಂದಳು ಮೆಹಿಟಬೆಲ್.

ಊರ ಸಭೆ ಅವನಿಗೆ ದಂಡ ಹಾಕಿತು. ದಂಡವನ್ನು ಗುಂಡಿನಲ್ಲಿ ಕೊಡುತ್ತೇನೆಂದ. ಒಂದು ಸಲಕ್ಕೆ ಹನ್ನೆರಡೇ ಎಂದು ಬಾರ್ನಬಸ್ ಕಟ್ಟಳೆ ಓದಿದ. ಹಾಗಾಗಿ ಹಿರಿಯ ದಿನವೂ ಬೆಳಿಗ್ಗೆ ಹನ್ನೆರಡು ಗುಂಡು ಹಿಡಿದು ಸಭಾಮನೆಗೆ ನಡೆಯಬೇಕಾಯಿತು. ಬಾರ್ನಬಸ್ ಒಂದೊಂದನ್ನೂ ತನ್ನ ಕೋವಿಯ ಬಾಯಿಗಿಟ್ಟು ನೋಡಿ, ಸಡಿಲವಾದದ್ದನ್ನು ಹಿಂದಿರುಗಿಸುತ್ತಿದ್ದ. ಕ್ರಿಸ್ತನ ಆಜ್ಞೆಗಳಿಗಿಂತ ಆ ನಳಿಗೆಗೇ ಎಲಿಫಲೆಟ್ ಹೆಚ್ಚು ಹೆದರುತ್ತಾನೆಂದು ಊರು ಆಡಿಕೊಂಡಿತು.

ವಾರದ ಮೇಲೆ ಎಲಿಫಲೆಟ್‌ನ ಹೆಂಡತಿ ಡಾರ್ಕಸ್ ಏದುಸಿರು ಬಿಡುತ್ತ ಮೆಹಿಟಬೆಲ್ಲಳ ಅಡುಗೆಮನೆಗೆ ಬಂದಳು. ಮಡಿಲಲ್ಲಿ ಗಂಟು, ಬಿಚ್ಚಿದರೆ ಸೀಸದ ಪುಡಿ.

"ಕೊಟ್ಟಿಗೇಲಿ ಸಿಕ್ತು ಕಣಕ್ಕ. ದಿನಾ ಒಂದು ಗಂಟೆ ಬಾಗಿಲು ಹಾಕ್ಕೊಂಡು ಕೂತಿರ್ತಿದ್ರು. ಕಿರ್ ಕಿರ್ ಅನ್ನೋದು. ಹಲ್ಲು ಕಡ್ದು ಪ್ರಾರ್ಥನೆ ಮಾಡ್ತಾ ಇದಾರೆ ಅಂದ್ಕೊಂಡೆ. ನಾನೂ ಆಮೆನ್ ಅಂತಿದ್ದೆ, ಹೊರಗೆ ನಿಂತ್ಕೊಂಡು."

ಮೆಹಿಟಬೆಲ್ಲಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಗು ತಡೆಯಲಿಕ್ಕಾಗಲಿಲ್ಲ. ಡಾರ್ಕಸ್ ಕೂಡ ಹೆಗಲ ಹೊದಿಕೆಯ ಅಂಚನ್ನು ಬಾಯಿಗಿಟ್ಟುಕೊಂಡು ನಕ್ಕಳು. ಇಬ್ಬರೂ ಒಲೆಯ ಮೇಲೆ ಬಾಣಲೆಯಿಟ್ಟು ಸೀಸ ಕರಗಿಸಿ, ಗುಂಡಿನ ಅಚ್ಚಿನಲ್ಲಿ ಹೊಸ ಫಾರ್ದಿಂಗುಗಳನ್ನು ಎರಕ ಹೊಯ್ಯತೊಡಗಿದರು.