ಸಾರಿಸಿದ ಸಾಕ್ಷಿಗುಡ್ಡೆ

ರೋಹಿಣಿ ಮಳೆ ಒಂದು ಹದ ಸುರಿದು ನಿಂತಿತ್ತು. ಸಿರುಗುಪ್ಪದ ಆಚೆ ಎರೆಹೊಲಗಳ ನಡುವೆ ಉಪಕಾಲುವೆ ತೋಡುತ್ತಿದ್ದ ಆಳುಗಳು ಹೊತ್ತು ಹುಟ್ಟುವ ಮೊದಲೇ ಕೆಳಗಿಳಿದಿದ್ದರು. ಗಂಡಸರು ಅಗೆದು ಬುಟ್ಟಿ ತುಂಬುವುದು, ಹೆಂಗಸರು ಅದನ್ನು ಸಿಂಬಿಯ ಮೇಲೆ ಹೊತ್ತು ದಂಡೆ ಏರಿ ಸುರಿದು ಬರುವುದು, ಗಾಣದ ಎತ್ತಿನ ಹಾಗೆ ಒಂದೇ ಸಮ ನಡೆದಿತ್ತು. ಮೃಗಶಿರ ಕೂಡುವುದರೊಳಗೆ ಮುಗಿಸಬೇಕು. ಆಮೇಲೆ ಎರೆಮಣ್ಣು ಗುದ್ದಲಿಗೆ ಅಂಟಿಕೊಂಡಿತೆಂದರೆ ಅತ್ತೆಮನೆ ಬಿಡದ ಅಳಿಯನಂತೆ, ಯಾರು ಹೇಳಿದರೂ ಕೇಳುವುದಿಲ್ಲ.

ಗುತ್ತಿಗೆದಾರ ಸುಂಕಪ್ಪ ಬಳ್ಳಾರಿಯಿಂದ ಬಂದ ಮೊದಲ ಬಸ್ಸು ಇಳಿದು ಹೊಲದ ಬದು ಹಿಡಿದು ನಡೆದ. ಸಿಮೆಂಟಿನ ಪರ್ಮಿಟ್ಟಿಗಾಗಿ ಗುತ್ತಿಗೆದಾರರ ಸಂಘದವರ ಜೊತೆ ಮೂರು ದಿನ ಕಚೇರಿ ಕಾಯ್ದಿದ್ದ. ಹತ್ತು ಚೀಲ ಸಿಕ್ಕಿದ್ದವು. ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆದು ಬೆಳೆದ ಮೈ ಅವನದು. ಸರಕಾರದ ಕೆಲಸ ಅಂತ ಹಿಡಿದದ್ದು ಇದೇ ಮೊದಲು. ದಂಡೆ ಏರಿ ನಿಂತವನು ಕೆಳಗೆ ನೋಡಿ ಹಾಗೇ ನಿಂತುಬಿಟ್ಟ.

ಮಣ್ಣಿನ ಕೆಲಸದಲ್ಲಿ ನೂರಡಿಗೆ ಒಂದರಂತೆ ಮೊಳ ಅಗಲದ ಗುಡ್ಡೆಯನ್ನು ಅಗೆಯದೆ ಬಿಡುವುದು ರೂಢಿ. ಅದು ಸಾಕ್ಷಿಗುಡ್ಡೆ. ಅದರ ತಲೆ ಮೊದಲಿನ ನೆಲದ ಮಟ್ಟ. ತಲೆಯಿಂದ ಬುಡಕ್ಕೆ ಅಳತೆ ಹಿಡಿದರೆ ಎಷ್ಟು ಆಳ ಅಗೆದದ್ದೆಂದು ಗೊತ್ತಾಗುತ್ತದೆ. ತಲೆಯ ಮೇಲೆ ಎರಡು ಬುಟ್ಟಿ ಮಣ್ಣು ಹೇರಿಬಿಟ್ಟರೆ ಅಗೆಯದ ಆಳವೂ ಲೆಕ್ಕಕ್ಕೆ ಬರುತ್ತದೆ. ಕಳ್ಳ ಗುತ್ತಿಗೆದಾರರು ಮಾಡುವ ಈ ಕೆಲಸಕ್ಕೆ ಕಸುಬಿನವರು ‘ಟೋಪಿ ಹಾಕೋದು’ ಅನ್ನುತ್ತಿದ್ದರು.

ಸುಂಕಪ್ಪನ ಹದಿನಾಲ್ಕು ಗುಡ್ಡೆಗಳೂ ತಲೆಗೆ ಕೆಮ್ಮಣ್ಣು ಸಗಣಿ ಸಾರಿಸಿಕೊಂಡು, ಮೇಲೆ ರಂಗೋಲಿ ಬರೆಸಿಕೊಂಡು, ಮದುಮಕ್ಕಳಂತೆ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಕೊಡೆ ಊರಿಕೊಂಡು ಓವರ್‌ಸೀಯರು ನಿಂತಿದ್ದರು.

"ಬಾರಯ್ಯಾ ಸುಂಕಪ್ಪ. ಒಂದೂ ಬಿಡದಂಗ ಎಲ್ಲಾದಕ್ಕೂ ಟೋಪಿ ಹಾಕ್ಸೀಯಲ್ಲ! ಮಂದಿ ಕದ್ದು ಹಾಕ್ತಾರ, ನೀ ರಂಗೋಲಿ ಬಿಟ್ಟು ಹಾಕೀಯ."

"ದೊರಿ, ನಾ ಊರಾಗ ಇದ್ದಿಲ್ರಿ..."

"ಇರಲಿಲ್ಲ ಅಂತನ ಹಾಕ್ಯಾರ. ನಾ ಇದನ್ನ ಅಳತಿ ಹಿಡಿಯೂದಿಲ್ಲ. ಗುರುವಾರ ಮ್ಯಾಲಿನೋರು ಬರ್ತಾರ, ಅವತ್ತಿಗೆ ನನ್ನ ರಿಪೋರ್ಟು ಬರೆದಿರತೈತಿ. ಆಮ್ಯಾಲೆ ಈ ಜಿಲ್ಲಾದಾಗ ನಿನಗ ಯಾರೂ ಒಂದು ಮೋರಿ ಕೆಲಸಾನೂ ಕೊಡೂದಿಲ್ಲ."

ಅವರು ಹೋದ ಮೇಲೆ ಆಳುಗಳ ಮುಖ್ಯಸ್ಥೆ ಹುಲುಗಮ್ಮ ಬುಟ್ಟಿ ಇಳಿಸಿ ಬಂದಳು. ಅವಳ ತಂಡ ಊರೂರು ತಿರುಗಿ ಬಾವಿ ತೋಡಿತ್ತು, ಕೆರೆಯ ಹೂಳು ಎತ್ತಿತ್ತು. ಟೇಪು ಹಿಡಿದು ಬರುವ ಸರಕಾರವನ್ನು ಕಂಡಿರಲಿಲ್ಲ.

"ಏನ್ ಮಾಡಿದ್ರೆಕ್ಕಾ ಇದನ್ನ?"

"ಏನ್ ಮಾಡೂದು ತಮ್ಮಾ? ಮಳಿಗೆ ತಲಿ ಕೆದರಿ ಕೂತಿದ್ವು. ನಾಳೆ ಸರಕಾರದೋರು ನೋಡಾಕ ಬರ್ತಾರ ಅಂದ್ರು. ದೊಡ್ಡೋರು ಬರೋವಾಗ ಸಾರಿಸದಿದ್ರ ಹೆಂಗ? ಭೂಮ್ತಾಯೆಲ್ಲಾ ಬುಟ್ಟಿ ಹತ್ತಿ ಹೋದ್ಲು, ಸಾಕ್ಷಿ ಹೇಳಾಕ ಇವಷ್ಟ ಉಳದಾವ. ಅವನ್ನ ಮುಸುಡಿ ತೊಳೀದ ನಿಲ್ಲಸ್ಲೇನು?"

"ಮಣ್ಣು ಎಷ್ಟು ಹಾಕಿದ್ರಿ?"

"ಒಂದ್ ಬಳ್ಳಿನಷ್ಟು. ಅದರ ಮ್ಯಾಲ ಹಾಕಿದ್ರ ನನ್ನ ಕೈ ಕಡೀ." ಬಳ್ಳು ಅಂದರೆ ಬೆರಳು. ಅವಳು ಕೆಸರಿನ ಕೈಯೆತ್ತಿ ಕಿರುಬೆರಳು ತೋರಿಸಿದಳು.

ಸುಂಕಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಕಣ್ಣಾರೆ ಕಂಡಿರಲಿಲ್ಲ. ಅವಳ ಬಾಯಿಮಾತು ಒಂದೇ ಇತ್ತು. ಅದನ್ನೇ ಟವೆಲ್ಲಿನ ಗಂಟಿನಲ್ಲಿ ಕಟ್ಟಿಕೊಂಡವನಂತೆ ಮತ್ತೆ ಬಳ್ಳಾರಿ ಬಸ್ಸು ಹತ್ತಿದ.

ಗುತ್ತಿಗೆದಾರರ ಸಂಘ ಸತ್ಯನಾರಾಯಣಪೇಟೆಯ ಒಂದು ಮಾಳಿಗೆಯ ಕೋಣೆಯಲ್ಲಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ ಹುಟ್ಟಿದ್ದು. ಒಂದು ಜಮಖಾನ, ಒಂದು ಕಬ್ಬಿಣದ ಪೆಟ್ಟಿಗೆ, ಅಧ್ಯಕ್ಷ ಕಾಡಸಿದ್ದಪ್ಪನವರ ಎಲೆಯಡಿಕೆ ತಟ್ಟೆ. ಮೋಕದ ಹಾದಿಯ ಮೋರಿಗಳನ್ನೆಲ್ಲ ಕಟ್ಟಿದ ಹಿರಿಯರು ಅವರು. ಸಂಘದವನು ಮೋಸ ಮಾಡಿದರೆ ಸಂಘವೇ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಬೇಕು, ಮಾಡದಿದ್ದರೆ ಸಂಘವೇ ಅವನ ಬೆನ್ನಿಗೆ ನಿಲ್ಲಬೇಕು ಎಂಬ ಕಟ್ಟಳೆ ಬರೆಸಿದವರೂ ಅವರೇ.

ಸುಂಕಪ್ಪ ಹೇಳಿ ಮುಗಿಸುವುದರೊಳಗೆ ಮೂಲೆಯಲ್ಲಿ ಹೊನ್ನೂರಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ್ದ. ಈ ಕಾಲುವೆ ಕೆಲಸಕ್ಕೆ ಅವನೂ ಟೆಂಡರು ಹಾಕಿ ಸೋತಿದ್ದ.

"ಮುತ್ತೈದಿ ಗುಡ್ಡಿ ಮಾಡೀಯಲ್ಲಲೇ ಸುಂಕಾ! ಬಳಿ ತೊಡಸಿದ್ದಿಲ್ಲ?"

"ನಗು, ನಗು. ನನ್ನ ಹಾರಿ ಯಾವಾಗ ಕೊಡ್ತೀಯ, ಅದನ್ನ ಹೇಳು."

"ನಾಳಿ ಕೊಡ್ತೀನಿ."

ಈಗ ಕೋಣೆಯೆಲ್ಲ ನಕ್ಕಿತು. ಏಳು ವರ್ಷದ ಹಿಂದೆ ಕುರುಗೋಡಿನ ಕಲ್ಲುಗಣಿಯಲ್ಲಿ ಹೊನ್ನೂರಪ್ಪ ಒಂದು ದಿನಕ್ಕೆಂದು ಎರವಲು ಒಯ್ದ ಹಾರೆ ಅದು. ಸುಂಕಪ್ಪನ ಅಪ್ಪ ಕಮ್ಮಾರನ ಮುಂದೆ ಕೂತು ಬಡಿಸಿದ್ದು. ತಲೆಯ ಕೆಳಗೆ ಮೂರು ಚುಕ್ಕೆ ಹೊಡೆಸಿದ್ದು. ಪ್ರತಿ ಸಭೆಯಲ್ಲೂ ಸುಂಕಪ್ಪ ಕೇಳುವುದು, ಹೊನ್ನೂರಪ್ಪ ನಾಳೆ ಅನ್ನುವುದು, ಸಂಘದ ಕಲಾಪದಲ್ಲಿ ಸೇರಿಹೋಗಿತ್ತು.

ಕಾಡಸಿದ್ದಪ್ಪನವರು ನಗಲಿಲ್ಲ. "ಸುಂಕಪ್ಪ, ಆ ಹೆಣ್ಮಗಳ ಮಾತು ನೀ ನಂಬ್ತೀಯೇನು?"

"ನಂಬ್ತೀನ್ರಿ."

"ಹಂಗಾದ್ರ ಒಂದು ಗುಡ್ಡಿ ಕೊಯ್ಸು. ಓವರ್‌ಸೀಯರ್ ಎದುರಿಗೆ, ತಲಿಯಿಂದ ಬುಡದ ಮಟ. ಮೈ ತೆರದ್ರ ಹಳೇ ಮಣ್ಣು ಯಾವ್ದು, ಹೊಸಾದು ಯಾವ್ದು, ಕುರುಡನೂ ಹೇಳ್ತಾನ. ಆದ್ರ ಕೊಯ್ಯೋವಾಗ ಗುಡ್ಡಿ ಕುಸೀತಂದ್ರ ಆ ನೂರಡಿ ಕೆಲಸಕ್ಕ ಸಾಕ್ಷಿ ಇಲ್ಲ, ತಿಳೀತಾ? ಒಳಗ ಟೋಪಿ ಕಂಡ್ರ ನಿನ್ನ ಹೆಸರು ನಾನ ಹೊಡೀತೀನಿ."

"ಯಾರು ಕೊಯ್ತಾರ್ರಿ?"

"ಹೊನ್ನೂರಪ್ಪ. ನಿಮ್ಮಿಬ್ಬರದೂ ಎಣ್ಣಿ ಸೀಗಿಕಾಯಿ ಅಂತ ಜಿಲ್ಲಾಕ್ಕ ಗೊತ್ತೈತಿ. ಅವ ಕೊಯ್ದ್ರ ಯಾರೂ ಬಾಯಿ ತೆಗಿಯಂಗಿಲ್ಲ."

ಹೊನ್ನೂರಪ್ಪನ ನಗು ನಿಂತಿತು. ಅವನು ಮೀಸೆ ಒರೆಸಿಕೊಂಡು, "ಆತ್ರಿ" ಅಂದ.

ಬುಧವಾರ ಬೆಳಗ್ಗೆ ಕಾಲುವೆಯ ದಂಡೆಯ ಮೇಲೆ ಆಳುಗಳೆಲ್ಲ ಸಾಲುಗಟ್ಟಿ ನಿಂತಿದ್ದರು. ಓವರ್‌ಸೀಯರು ಪುಸ್ತಕ ಬಗಲಲ್ಲಿಟ್ಟುಕೊಂಡು ಬಂದಿದ್ದರು. ಕಾಡಸಿದ್ದಪ್ಪನವರಿಗೆ ಯಾರೋ ಬುಟ್ಟಿ ಬೋರಲು ಹಾಕಿ ಕೂರಿಸಿದ್ದರು. ಹೊನ್ನೂರಪ್ಪ ಗೋಣಿತಾಟಿನಲ್ಲಿ ಸುತ್ತಿ ತಂದದ್ದನ್ನು ಹೆಗಲಿನಿಂದ ಇಳಿಸಿ, "ಯಾವ್ದು ಕೊಯ್ಲಿ?" ಅಂದ.

ಸುಂಕಪ್ಪ ಹುಲುಗಮ್ಮನತ್ತ ನೋಡಿದ. ಗುಡ್ಡೆ ಬಿದ್ದರೆ ಬೀಳುವುದು ಅವಳ ತಂಡದ ನೂರಡಿಯ ದುಡಿಮೆ.

"ಆ ದೊಡ್ಡಾಕಿನ್ನ ಕೊಯ್ರಿ," ಅಂದಳು ಅವಳು, ಎಲ್ಲಕ್ಕಿಂತ ಎತ್ತರದ್ದನ್ನು ತೋರಿಸಿ. "ಸಣ್ಣದು ಕೊಯ್ದ್ರ ದೊಡ್ಡದರಾಗ ಐತಿ ಅಂತೀರಿ. ನಾ ಅದೀನಿ, ಕೊಯ್ರಿ."

ಆ ‘ನಾ ಅದೀನಿ’ ಕೇಳಿ ಸುಂಕಪ್ಪನ ಎದೆಯೊಳಗೆ ಮೂರು ದಿನದಿಂದ ಅಲುಗುತ್ತಿದ್ದ ಕಲ್ಲು ತನ್ನ ಜಾಗದಲ್ಲಿ ಕೂತಿತು. "ಅದನ್ನ ಕೊಯ್ಯಪಾ," ಅಂದ.

ಹೊನ್ನೂರಪ್ಪ ಗೋಣಿತಾಟು ಬಿಚ್ಚಿ ಹಾರೆ ತೆಗೆದ. ಗುಡ್ಡೆಯ ಸುತ್ತ ಎರಡು ಸುತ್ತು ಬಂದ. ರಂಗೋಲಿಯ ನಟ್ಟನಡುವೆ ಮೊನೆ ಇಟ್ಟು ಮೆಲ್ಲಗೆ ಇಳಿಸಿದ. ಕಿತ್ತು, ಅರ್ಧ ಗೇಣು ಆಚೆ ಮತ್ತೆ ಇಳಿಸಿದ. ಮಣ್ಣಿಗೆ ನೋವಾಗಬಾರದೆನ್ನುವವನ ಹಾಗೆ ಕೆಲಸ ಮಾಡುತ್ತಿದ್ದ. ಹೊತ್ತು ಮಾರುದ್ದ ಏರಿತು. ಕೊನೆಗೆ ಅವನು ಹಾರೆಯನ್ನು ಸಂದಿಯಲ್ಲಿಟ್ಟು ಒಮ್ಮೆ ಮೀಟಿದ. ಅರ್ಧ ಗುಡ್ಡೆ ಉಸಿರು ಬಿಟ್ಟಂತೆ ಆಚೆ ಜಾರಿ ಬಿತ್ತು. ಇನ್ನರ್ಧ ಗೋಡೆಯ ಹಾಗೆ ನೆಟ್ಟಗೆ ನಿಂತಿತು.

ಎಲ್ಲರೂ ಬಾಗಿದರು. ಮೇಲೆ ಕಿರುಬೆರಳಿನಷ್ಟು ಕೆಂಪು ಪದರ. ಅದರ ಕೆಳಗೇ ಹಿಂಗಾರಿನ ಜೋಳದ ಕೂಳೆ ಅಡ್ಡ ಮಲಗಿತ್ತು; ಅದರ ಬೇರು ಮುದುಕಿಯ ಕೂದಲಿನಂತೆ ಬೆಳ್ಳಗೆ, ಎಲ್ಲೂ ತುಂಡಾಗದೆ, ಕರಿಮಣ್ಣಿನೊಳಗೆ ಗೇಣುದ್ದ ಇಳಿದಿತ್ತು. ಅದೇ ಮೊದಲಿನ ನೆಲ; ಟೋಪಿ ಇರಲಿಲ್ಲ.

ಓವರ್‌ಸೀಯರು ಕೆಂಪು ಪದರಕ್ಕೆ ಟೇಪು ಹಿಡಿದು ನೋಡಿದರು. "ಅರ್ಧ ಇಂಚು," ಅಂದರು. ಬಗಲಿನ ಪುಸ್ತಕ ಬಿಚ್ಚಿದರು. "ಉಳಿದವುಗಳ ತಲಿ ಕೆರೀರಿ. ಅಳತಿ ಹಿಡೀತೀನಿ. ಇದರದೂ ಹಿಡೀತೀನಿ, ನಿಂತೈತಲ್ಲ."

"ದೊರಿ," ಹುಲುಗಮ್ಮ ಕೇಳಿದಳು, "ಮುಂದಿನ ಸಲ ನೀವು ಬರೋವಾಗ ಸಾರಿಸೂದೋ ಬ್ಯಾಡೋ?"

"ಬ್ಯಾಡ ತಾಯಿ!" ಅಂದು ಅವರು ಕೊಡೆ ಬಿಚ್ಚಿಕೊಂಡರು. ದಂಡೆಯ ಮೇಲಿನ ನಗು ಹೊಲದಾಚೆಯ ತನಕ ಹೋಯಿತು.

ಹೆಂಗಸರು ಕಳೆ ತೆಗೆಯುವ ಕುರ್ಚಿಗೆಗಳನ್ನು ಹಿಡಿದು ಗುಡ್ಡೆಗಳ ತಲೆ ಕೆರೆಯತೊಡಗಿದರು. ಸುಂಕಪ್ಪ ಟೇಪಿನ ಒಂದು ತುದಿ ಹಿಡಿದು ಬಗ್ಗಿದ್ದವನು ತಲೆ ಎತ್ತುವುದರೊಳಗೆ ಹೊನ್ನೂರಪ್ಪ ಖಾಲಿ ಗೋಣಿತಾಟನ್ನು ಹೆಗಲಿಗೆ ಹಾಕಿಕೊಂಡು ಬದು ಹಿಡಿದಿದ್ದ. ಹಾರೆ ಗುಡ್ಡೆಯ ಮಗ್ಗುಲಲ್ಲಿ ನೆಟ್ಟಗೆ ನಾಟಿಕೊಂಡಿತ್ತು. ತಲೆಯ ಕೆಳಗೆ, ಏಳು ವರ್ಷ ಕೈ ಸವೆದು ಮಾಸಿದ್ದರೂ, ಮೂರು ಚುಕ್ಕೆ.

"ಹೊನ್ನೂರಪ್ಪಾ! ಹಾರಿ ಬಿಟ್ಟಿ!"

"ನಾಳಿ ಬಂದು ಒಯ್ತೀನಿ," ಅವನು ತಿರುಗಿ ನೋಡದೆ ಕೂಗಿದ.

ಸುಂಕಪ್ಪ ಅದನ್ನು ಕೀಳಲು ಹೋಗಲಿಲ್ಲ. ಓವರ್‌ಸೀಯರು ಮುಂದಿನ ಗುಡ್ಡೆಗೆ ನಡೆದರು. ಅವನು ಟೇಪು ಹಿಡಿದು ಹಿಂದೆ ಹೋದ. ಹಾರೆಯ ಸಣ್ಣ ನೆರಳು ಪಕ್ಕದ ಅರ್ಧ ಗುಡ್ಡೆಯ ಮೇಲೆ ಬಿದ್ದಿತ್ತು. ಅದರ ತಲೆಯಲ್ಲಿ ಇನ್ನೂ ಯಾರೂ ಕೆರೆಯದ ಅರ್ಧ ರಂಗೋಲಿ ಉಳಿದಿತ್ತು.