ಚಲುವಮ್ಮನ ಖಾರ

ಮಗಳು ಆಶಾರಾಣಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ವಾರದಲ್ಲೇ ಚಂದ್ರುವಿನ ಹೆಂಡತಿ ಯಮುನಾ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೊಮ್ಮಗಳು ಹುಟ್ಟಿದ ದಿನ ಅವಳಿಗೆ ನಗುವಿಗಿಂತ ಮೊದಲು ಅಳುವೇ ಬಂತು.

"ನಮ್ಮವ್ವ ಇದ್ದಿದ್ರೆ ಹಿಂಗಾಗ್ತಿತ್ತಾ? ಬಾಣಂತಿಗೆ ಬೇಯ್ಸಿ ಹಾಕೋರು ಯಾರು?"

"ನಾನು," ಎಂದ ಚಂದ್ರು.

ಅವಳು ಬೇಡವೆನ್ನಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಆಶಾರಾಣಿಯ ತಮ್ಮ ಹುಟ್ಟಿದಾಗ ನಡೆದದ್ದನ್ನು ಅವಳೂ ಕಂಡಿದ್ದಳು. ಆಗ ಬಾಣಂತನ ಮಾಡುತ್ತಿದ್ದವಳು ಅವಳ ತಾಯಿ ಚಲುವಮ್ಮ. ಅರಕಲಗೂಡಿನ ಕಡೆಯಿಂದ ಗಂಡನೊಡನೆ ಬಂದು, ಕುಶಾಲನಗರದ ಪಕ್ಕದಲ್ಲಿ ಕಲ್ಲುನೆಲ ಹಸನು ಮಾಡಿ ಜೋಳ ಬೆಳೆದ ಗಟ್ಟಿ ಹೆಂಗಸು. ಅಳಿಯನೆದುರು ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಆದರೆ ಅಷ್ಟರಲ್ಲಿ ಅವಳ ಕಣ್ಣು ಮಂಜಾಗಿತ್ತು. ಒಂದು ಬೆಳಿಗ್ಗೆ ಬಾಣಂತಿ ಖಾರಕ್ಕೆ ಹುರಿಯುತ್ತಿದ್ದ ಮೆಣಸು ಸೀದು ಕರಿಕಾಯಿತು. ಚಲುವಮ್ಮ ಒಲೆಯ ಮುಂದೆ ಕೂತುಬಿಟ್ಟಳು. ಚಂದ್ರು ಒಳಗೆ ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡ.

"ಅಯ್ಯೋ ಅಳಿಯಂದ್ರೆ, ನೀವು ಒಲೆ ಮುಂದೆ ಬರೋದಾ!"

"ನೋಡೋ ಕೆಲ್ಸ ನನ್ಗಿರ್ಲಿ ಅತ್ತೆ. ನೀವು ಹೇಳ್ತಾ ಹೋಗಿ."

ಮೂರು ತಿಂಗಳು ಅವಳು ಮಣೆಯ ಮೇಲೆ ಕೂತು ಹೇಳಿದಳು, ಇವನು ಮಾಡಿದ. ಮೆಣಸು ಹುರಿದದ್ದು ಸಾಕೋ ಬೇಕೋ ಎಂದು ವಾಸನೆಯಲ್ಲೇ ಹೇಳುತ್ತಿದ್ದಳು. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಡಿಸುವಳು. ಸಾರು ನೊರೆ ಕಟ್ಟಿದೊಡನೆ, "ಇಳ್ಸಿ, ಇಳ್ಸಿ, ಕುದೀಬಾರ್ದು!" ಎಂದು ಕೂಗುವಳು. ಊರವರು ಆಡಿಕೊಂಡಾಗ ಅವಳೇ ಜಗುಲಿಗೆ ಬಂದು, "ನಮ್ಮಳಿಯನ ಕೈಯಡುಗೆ ಉಂಡು ಆಮೇಲೆ ನಗ್ರವ್ವಾ" ಅಂದಿದ್ದಳು.

ಚಲುವಮ್ಮ ತೀರಿಕೊಂಡು ಈಗ ವರ್ಷವಾಗಿತ್ತು. ಚಂದ್ರು ಒಲೆ ಹಚ್ಚಿದ. ಮೊದಲ ದಿನ ಕೈ ತಡೆಯಿತು, ಖಾರ ಮುಂದಾಯಿತು. ಮೂರನೆಯ ದಿನಕ್ಕೆ ಹದ ಸಿಕ್ಕಿತು. ಆಶಾರಾಣಿ ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಹನ್ನೊಂದನೆಯ ದಿನ ಬೀಗಿತ್ತಿ ಜವರಮ್ಮ ಮಗು ನೋಡಲು ಬಂದರು. ಯಮುನಾಳ ಕೈಗೆ ಕಟ್ಟಿದ ಕಟ್ಟು ನೋಡಿ ಅವರ ಮುಖ ಸಣ್ಣದಾಯಿತು. ಸೊಸೆಗೆ ಹೊಟ್ಟೆಗೇನು ಸಿಗುತ್ತಿದೆಯೋ ಎಂಬ ಅನುಮಾನ ಕಣ್ಣಲ್ಲೇ ಇತ್ತು. ಊಟಕ್ಕೆ ಕೂತವರು ಮೊದಲ ತುತ್ತಿಗೇ ತಲೆ ಎತ್ತಿದರು.

"ಯಾರವ್ವ ಮಾಡಿದ್ದು ಈ ಸಾರು?"

"ನಮ್ಮಪ್ಪ," ಎಂದಳು ಆಶಾರಾಣಿ. ಅವಳ ದನಿಯಲ್ಲಿ ಎಳ್ಳಷ್ಟೂ ಸಂಕೋಚವಿರಲಿಲ್ಲ.

ಜವರಮ್ಮ ಇನ್ನೊಂದು ಸೌಟು ಬಡಿಸಿಕೊಂಡರು. "ನನ್ ಮಗ್ಳಿಗೂ ದಿನ ತುಂಬ್ತಾ ಬಂತು ಬೀಗ್ರೆ. ನಂಗೂ ಒಸಿ ಹೇಳ್ಕೊಡಿ."

"ಹೇಳಿದ್ರೆ ಬರಕ್ಕಿಲ್ಲ. ಒಳಗ್ ಬನ್ನಿ, ತೋರಿಸ್ತೀನಿ."

ಅಂದು ಸಂಜೆಯವರೆಗೂ ಜವರಮ್ಮ ಹೊರಡಲಿಲ್ಲ. ಚಂದ್ರು ಮೆಣಸು, ಜೀರಿಗೆ ಹುರಿದು, ಕುಟ್ಟಿ ತೋರಿಸಿ ಡಬ್ಬ ತುಂಬಿಸಿಕೊಟ್ಟ. ಅವರ ಊರಲ್ಲೂ ಆ ಖಾರಕ್ಕೆ ಹೆಸರು ಬಂತು. ನಾಮಕರಣದ ದಿನ ಜವರಮ್ಮ ನೆಂಟರೆಲ್ಲರ ಮುಂದೆ, "ನಮ್ಮ ಬೀಗರ ಖಾರ ಅಂದ್ರೆ ಖಾರ!" ಎಂದು ಹೊಗಳತೊಡಗಿದರು.

ಬಡಿಸುತ್ತಿದ್ದ ಚಂದ್ರು ಪಂಕ್ತಿಯ ನಡುವೆಯೇ ನಿಂತ.

"ನನ್ದಲ್ಲ ಅದು," ಎಂದ, ಕೊನೆಯ ಎಲೆಯವರೆಗೂ ಕೇಳುವಂತೆ. "ನಮ್ಮತ್ತೆ ಚಲುವಮ್ಮಂದು."

ಯಮುನಾ ಎಡಗೈಯಲ್ಲಿ ಕಣ್ಣೊರೆಸಿಕೊಂಡು, ತಾನೂ ಒಂದು ಎಲೆ ಹಾಕಿಸಿಕೊಂಡು ಕೂತಳು.